ಸದ್ದು ಮಾಡದ ಗರಗಸ

ಊರಿನವರೆಲ್ಲ ಅವನನ್ನು ಟೈಲರ್ ಎಂದೇ ಕರೆಯುತ್ತಿದ್ದರು. ಆ ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು, ಪಾಪ, ಹೆಸರನ್ನು ನಂಬಿ ಎರಡು ಮೀಟರ್ ಬಟ್ಟೆ ಹಿಡಿದುಕೊಂಡು ಅವನ ಮನೆ ಬಾಗಿಲಿಗೆ ಬಂದುಬಿಟ್ಟಿದ್ದಳು. "ನಮ್ಮ ಯಜಮಾನ್ರಿಗೆ ಒಂದು ಶರ್ಟು ಹೊಲ್ಕೊಡ್ತೀರಾ?" ಎಂದು ಕೇಳಿದಳು. ಟೈಲರ್ ಬಟ್ಟೆಯನ್ನೂ ನೋಡಿದ, ಅವಳ ಮುಖವನ್ನೂ ನೋಡಿದ. "ಈಗ್ಲೇ ಬೇಡಮ್ಮಾ. ಅವರು ಇನ್ನಷ್ಟು ವರ್ಷ ಚೆನ್ನಾಗಿರ್ಲಿ" ಎಂದ. ಪಕ್ಕದ ಮನೆಯವರು ವಿಷಯ ಬಿಡಿಸಿ ಹೇಳಿದ ಮೇಲೆ ಆಕೆ ಆ ಬಟ್ಟೆಯನ್ನೇ ಒಗೆದು, ಎರಡು ದಿನ ಬಿಸಿಲಿಗೆ ಹಾಕಿದಳಂತೆ.

ಅವನು ಹೊಲಿಯುತ್ತಿದ್ದದ್ದು ನಿಜ. ಆದರೆ ಅವನ ಗಿರಾಕಿಗಳು ಅಳತೆ ಸರಿಯಿಲ್ಲ ಎಂದು ಜಗಳಕ್ಕೆ ಬರುತ್ತಿರಲಿಲ್ಲ. ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಕೆಟ್ಟುನಿಂತ ಆಂಬುಲೆನ್ಸಿಗೂ ನಡುವೆ ಶವಾಗಾರವಿತ್ತು. ಅಲ್ಲಿ ಅವನಿಗೆ ಇಪ್ಪತ್ತಾರು ವರ್ಷ ಸೇವೆಯಾಗಿತ್ತು. ಸರ್ಕಾರಿ ಕಾಗದದಲ್ಲಿ ಅವನ ಕೆಲಸವನ್ನು ಹೀಗೆ ಬರೆದಿದ್ದರು: ಗುಡಿಸುವುದು, ಒರೆಸುವುದು ಮತ್ತು ಶವಪರೀಕ್ಷೆಯ ವೇಳೆ ವೈದ್ಯರಿಗೆ ನೆರವಾಗುವುದು.

ಈ ನೆರವು ಎಂದರೆ ಎಷ್ಟು ಎಂದು ಕೇಳಿ. ಸತ್ತವನನ್ನು ಕಲ್ಲಿನ ಮೇಜಿನ ಮೇಲೆ ಮಲಗಿಸಿ ಬಟ್ಟೆ ಬಿಚ್ಚುವುದು. ಮೈಮೇಲಿನ ಗಾಯ, ತರಚು, ಬಾವುಗಳನ್ನು ಹುಡುಕಿ ಅಳೆಯುವುದು. ಗಂಟಲ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಒಂದೇ ಗೀಟಿನಲ್ಲಿ ಕೊಯ್ಯುವುದು. ಪಕ್ಕೆಲುಬು ಕತ್ತರಿಸಿ ಎದೆಯ ಹಲಗೆ ಎತ್ತುವುದು. ಗುಂಡಿಗೆ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ ಒಂದೊಂದನ್ನೂ ಹೊರತೆಗೆದು, ತೊಳೆದು, ತೂಗಿ, ಸೀಳಿ ನೋಡುವುದು. ಜಠರದಲ್ಲಿದ್ದದ್ದನ್ನು ಗಾಜಿನ ಜಾಡಿಗೆ ತುಂಬುವುದು. ಕೊನೆಗೆ ಎಲ್ಲವನ್ನೂ ಒಳಗಿಟ್ಟು, ಮನೆಯವರು ನೋಡಿದರೆ ಎದೆ ಒಡೆಯದ ಹಾಗೆ ಹೊಲಿದು, ಮೈ ತೊಳೆದು, ತಲೆ ಬಾಚಿ ಕೊಡುವುದು. ಇಷ್ಟು ನೆರವು ಟೈಲರನದು. ಉಳಿದದ್ದೆಲ್ಲ ಡಾಕ್ಟರದು. ಉಳಿದದ್ದು ಎಂದರೆ ಸಹಿ.

ಹನ್ನೊಂದು ವರ್ಷದಿಂದ ಅಲ್ಲಿದ್ದ ಡಾಕ್ಟರು ಕೆಟ್ಟವರೇನೂ ಅಲ್ಲ. ಅಲ್ಲಿಯ ವಾಸನೆ ಅವರಿಗೆ ಆಗಿಬರುತ್ತಿರಲಿಲ್ಲ, ಅಷ್ಟೇ. ಹೊಸ್ತಿಲಿನಾಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು, ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತೇ ಪರೀಕ್ಷೆ ಮುಗಿಸುತ್ತಿದ್ದರು. ಹಾಗಾಗಿ ಅವರಿಗೆ ಬಾಗಿಲ ಡಾಕ್ಟರು ಎಂದು ಹೆಸರು ಬಿದ್ದಿತ್ತು. "ಗುಂಡಿಗೆ?" ಎಂದು ಕರ್ಚೀಫಿನೊಳಗಿಂದ ಕೇಳುವರು. "ಸರಿಯಿದೆ ಸಾರ್" ಎನ್ನುವನು ಟೈಲರ್. "ಯಕೃತ್ತು?" "ಸ್ವಲ್ಪ ಊದಿದೆ ಸಾರ್." ಡಾಕ್ಟರು ಬರೆದುಕೊಳ್ಳುವರು. ಬರೆದದ್ದು ಮಾತ್ರ ಹೀಗಿರುತ್ತಿತ್ತು: 'ನಾನು ಖುದ್ದಾಗಿ ಶವವನ್ನು ತೆರೆದು ಪರಿಶೀಲಿಸಲಾಗಿ.'

ಇನ್ನು ತೂಕದ ವಿಷಯ. ತಕ್ಕಡಿ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಆದರೆ ಡಾಕ್ಟರು ಟೈಲರ್ ತೂಗಿ ಹೇಳುವವರೆಗೂ ಕಾಯುತ್ತಿರಲಿಲ್ಲ. ಅಚ್ಚುಹಾಕಿಸಿದ ನಮೂನೆಯಲ್ಲಿ ಯಕೃತ್ತು ಸಾವಿರದ ಮುನ್ನೂರು ಗ್ರಾಂ, ಗುಂಡಿಗೆ ಮುನ್ನೂರು ಗ್ರಾಂ ಎಂದು ಬೆಳಿಗ್ಗೆಯೇ ತುಂಬಿಸಿಟ್ಟಿರುತ್ತಿದ್ದರು. ಹನಿ ಮುಟ್ಟದವನದೂ ಅಷ್ಟೇ, ಕುಡಿದು ಕುಡಿದು ಹೊಟ್ಟೆ ಊದಿಸಿಕೊಂಡವನದೂ ಅಷ್ಟೇ. ಬದುಕಿದ್ದಾಗ ಈ ಊರಿನ ಜನಕ್ಕೆ ಸಿಗದ ಸಮಾನತೆಯನ್ನು ಸತ್ತ ಮೇಲೆ ಬಾಗಿಲ ಡಾಕ್ಟರು ದೊರಕಿಸಿಕೊಟ್ಟಿದ್ದರು.

ತಲೆಯ ವಿಷಯ ಬಂದರೆ ಇನ್ನೂ ಚೆನ್ನ. ಎದೆ, ಹೊಟ್ಟೆ, ತಲೆ ಮೂರನ್ನೂ ತೆರೆಯಬೇಕು, ಅದು ನಿಯಮ. ಆದರೆ ತಲೆಗೆ ಗರಗಸ ಬೇಕು. ಕೈಗರಗಸದಲ್ಲಿ ಬುರುಡೆ ಕೊಯ್ಯಲು ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ. ಕರೆಂಟಿನ ಗರಗಸವೊಂದು ಬಂದು ಒಂಬತ್ತು ವರ್ಷವಾಗಿತ್ತು. ಅದರ ಪ್ಲಗ್ಗು ಗೋಡೆಯ ಸಾಕೆಟ್ಟಿಗೆ ಕೂರುತ್ತಿರಲಿಲ್ಲ. ಸಾಕೆಟ್ಟು ಬದಲಿಸಿಕೊಡಿ ಎಂದು ಬರೆದ ಅರ್ಜಿಗೆ, ಗರಗಸವನ್ನು ಬದಲಿಸುವ ಅಧಿಕಾರ ತಮಗಿಲ್ಲ ಎಂದು ಉತ್ತರ ಬಂದಿತ್ತು. ಆಮೇಲೆ ಬಾಗಿಲ ಬಳಿ ಬಿದ್ದಿದ್ದ ಆ ಗರಗಸದ ಪೆಟ್ಟಿಗೆಯ ಮೇಲೆ ಡಾಕ್ಟರು ಟೀ ಲೋಟ ಇಡತೊಡಗಿದರು. ಅಂತೂ ಮುಕ್ಕಾಲುಪಾಲು ಹೆಣಗಳಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ತಲೆ ಬೇಡ ಬಿಡು."

ಮೊದಮೊದಲು ಟೈಲರ್ ಎದುರಾಡಿದ್ದ. "ಸಾರ್, ಮೂರೂ ತೆಗೀಬೇಕಲ್ವಾ?" ಎಂದಿದ್ದ. "ಲಾರಿ ಕೆಳಗೆ ಸಿಕ್ಕಿದವನ ತಲೇಲಿ ಏನಯ್ಯಾ ಇರುತ್ತೆ? ನಿಂಗೆ ಮನೆಗೆ ಹೋಗೋದು ಬೇಡ್ವಾ?" ಎಂದಿದ್ದರು ಡಾಕ್ಟರು. ಮನೆಗೆ ಹೋಗುವುದು ಯಾರಿಗೆ ಬೇಡ? ಬರಬರುತ್ತಾ ಟೈಲರನೂ ಹೂಂ ಎನ್ನತೊಡಗಿದ. ನಮೂನೆಯಲ್ಲಿ 'ತಲೆಬುರುಡೆ ಮತ್ತು ಮಿದುಳು: ಸಹಜ' ಎಂದು ಬೀಳುತ್ತಿತ್ತು. ತೆರೆಯದ ಡಬ್ಬಿಯೊಳಗೆ ಎಲ್ಲವೂ ಸರಿಯಾಗಿದೆ ಎಂದು ಬರೆಯುವುದಕ್ಕೆ ಆರು ವರ್ಷ ಓದಬೇಕಂತೆ!

ಟೈಲರನಿಗೆ ಮದುವೆಯಾಗಿರಲಿಲ್ಲ. ಹೆಣ್ಣಿನ ಕಡೆಯವರು ಆಸ್ಪತ್ರೆಯಲ್ಲಿ ಕಾಯಂ ಕೆಲಸ ಎಂದು ಕೇಳಿ ಹಿರಿಹಿರಿ ಹಿಗ್ಗುವರು. ಯಾವ ಕೋಣೆ ಎಂದು ಗೊತ್ತಾದ ಕೂಡಲೇ ಮಂಗಮಾಯವಾಗುವರು. ಮೂರು ಸಲ ಹಾಗಾದ ಮೇಲೆ ಅವನೇ ಬೇಡವೆಂದ. ಹತ್ತಿರದವಳೆಂದರೆ ಒಬ್ಬಳೇ ತಂಗಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಮೆಸ್ಸಿತ್ತು. ಮಧ್ಯಾಹ್ನ ನಲವತ್ತು ಜನ ಉಣ್ಣುತ್ತಿದ್ದರು. ಅಣ್ಣನಿಗೆ ಅಡುಗೆಮನೆಯ ಪಕ್ಕದಲ್ಲಿ ಒಂದು ಮೇಜು. "ಕೈ ತೊಳ್ಕೊಂಡ್ಯಾ?" ಎಂದು ದಿನಾ ಕೇಳುವಳು. "ತೊಳ್ಕೊಂಡೆ." "ಇನ್ನೊಂದ್ಸಲ ತೊಳ್ಕೊ." ಅದೇ ಅವರ ಪ್ರೀತಿ. ಅವಳ ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಆ ಬಾಯಿಯೇ ಅವಳಿಗೆ ಮುಳುವಾಯಿತು.

ಮೆಸ್ಸಿನ ಗೋಡೆಗೆ ಬಣ್ಣ ಹೊಡೆಯಲು ಒಬ್ಬ ಪೇಂಟರನ್ನು ಗೊತ್ತುಮಾಡಿದ್ದಳು. ತಿಳಿ ಹಸಿರು ಬೇಕು ಎಂದರೆ ಅವನು ಹೊಡೆದದ್ದು ಆಸ್ಪತ್ರೆ ಹಸಿರು. ಅದೂ ಮೂರನೇ ವಾರಕ್ಕೆ ಹಪ್ಪಳದ ಹಾಗೆ ಎದ್ದು ಉಣ್ಣುವವರ ತಟ್ಟೆಗೆ ಉದುರತೊಡಗಿತು. ಸೋಮವಾರ ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ತಂಗಿ ಸೌಟು ಹಿಡಿದುಕೊಂಡೇ ಬೀದಿಗೆ ಬಂದು ಅವನ ನೀರಿಳಿಸಿದಳು. "ನಾಳೆ ಬಾ, ನಿನ್ನ ತಟ್ಟೆಗೆ ಊಟ ಅಲ್ಲ, ವಿಷ ಬಡಿಸ್ತೀನಿ!" ಎಂದದ್ದನ್ನು ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಮಂಗಳವಾರ ಅವನು ನಾಚಿಕೆಯಿಲ್ಲದೆ ಮತ್ತೆ ಬಂದ. ಅವಳೂ ನಾಚಿಕೆಯಿಲ್ಲದೆ ಬಡಿಸಿದಳು. ಅರ್ಧ ತಟ್ಟೆ ಉಂಡವನು ತಲೆ ಸಿಡಿಯುತ್ತಿದೆ ಎಂದು ಎದ್ದ. ಬಾಗಿಲಲ್ಲೇ ವಾಂತಿ ಮಾಡಿಕೊಂಡು ಕುಸಿದ. ದೊಡ್ಡಾಸ್ಪತ್ರೆಗೆ ಬರುವಷ್ಟರಲ್ಲಿ ಜೀವ ಹೋಗಿತ್ತು.

ಇನ್ನೇನು ಬೇಕು ಇನ್ಸ್‌ಪೆಕ್ಟರಿಗೆ? ಸಂಜೆಯೊಳಗೆ ಮೆಸ್ಸಿಗೆ ಬೀಗ, ತಂಗಿ ಠಾಣೆಯ ಬೆಂಚಿನ ಮೇಲೆ. "ಅದೇ ಅಡುಗೆ ಇನ್ನೂ ಮೂವತ್ತೊಂಬತ್ತು ಜನ ಉಂಡಿದ್ದಾರಲ್ಲ ಸಾರ್, ಅವರೆಲ್ಲ ತೇಗ್ತಾ ಓಡಾಡ್ತಿದ್ದಾರಲ್ಲ!" ಎಂದು ಟೈಲರ್ ಕೇಳಿದ್ದಕ್ಕೆ ಇನ್ಸ್‌ಪೆಕ್ಟರು, "ಅವರಿಗೆ ಬೆದರಿಕೆ ಹಾಕಿರ್ಲಿಲ್ಲವಲ್ಲ" ಎಂದರು. ಜಾಡಿಗಳನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕು, ಅಲ್ಲಿಂದ ವಿಷ ಇದೆ ಅಥವಾ ಇಲ್ಲ ಎಂದು ಉತ್ತರ ಬರಲು ಎಂಟು ತಿಂಗಳು. ಅಲ್ಲಿಯವರೆಗೆ ತಂಗಿ ಜೈಲಿನಲ್ಲಿ. ಎಂಟು ತಿಂಗಳ ಮೇಲೆ ವಿಷ ಇಲ್ಲವೆಂದು ಬಂದರೂ, ಆ ಮೆಸ್ಸಿನ ತಟ್ಟೆಗೆ ಕೈ ಹಾಕುವವರು ಯಾರು? ಟೈಲರನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆಯಾದರೆ ಹೆಣ ತನ್ನ ಮೇಜಿಗೇ ಬರುತ್ತದೆ, ಹುಡುಕುತ್ತೇನೆ, ಏನಿದ್ದರೂ ಹುಡುಕಿ ತೆಗೆಯುತ್ತೇನೆ ಎಂಬ ಧೈರ್ಯದಲ್ಲಿ ಎದ್ದು ಕೆಲಸಕ್ಕೆ ಬಂದ.

ಶವಾಗಾರದ ಬಾಗಿಲಲ್ಲಿ ಇನ್ಸ್‌ಪೆಕ್ಟರು ಅಡ್ಡ ನಿಂತಿದ್ದರು. "ಆರೋಪಿ ನಿನ್ನ ತಂಗಿ. ನೀನು ಈ ಹೆಣ ಮುಟ್ಟೋ ಹಾಗಿಲ್ಲ. ಡಾಕ್ಟರ ಹತ್ರ ಮಾತೂ ಆಡೋ ಹಾಗಿಲ್ಲ."

ಕಾನೂನು ಸರಿಯಾಗಿಯೇ ಇತ್ತು, ಅದಕ್ಕೆ ಟೈಲರನ ತಕರಾರಿಲ್ಲ. ಆದರೆ ಹೌಹಾರಿದವರು ಬಾಗಿಲ ಡಾಕ್ಟರು. "ಹಾಗಾದ್ರೆ ಕೊಯ್ಯೋರು ಯಾರು?" ಎಂದರು. ಇನ್ಸ್‌ಪೆಕ್ಟರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವೇ ಅಲ್ವಾ ಸಾರ್? ಪ್ರತಿ ರಿಪೋರ್ಟಲ್ಲೂ ನೀವೇ ಖುದ್ದಾಗಿ ಕೊಯ್ದಿದ್ದೀರಲ್ಲ" ಎಂದರು. ಪಕ್ಕದ ಊರಿನ ಸಹಾಯಕನನ್ನು ಕರೆಸೋಣವೆಂದರೆ ಆ ಹುದ್ದೆ ಏಳು ವರ್ಷದಿಂದ ಖಾಲಿ. ಹನ್ನೊಂದು ವರ್ಷದಿಂದ ಹುಟ್ಟುಹಬ್ಬದ ಕೇಕು ಬಿಟ್ಟರೆ ಬೇರೇನನ್ನೂ ಕೊಯ್ಯದ ಮಹಾನುಭಾವರು, ಗಲ್ಲಿಗೇರುವವರಂತೆ ಎರಡು ಕಾಲನ್ನೂ ಹೊಸ್ತಿಲಿನೊಳಗೆ ಇಟ್ಟರು. ಬಾಗಿಲು ಮುಚ್ಚಿತು. ಪೇದೆಯೊಬ್ಬ ಕಾವಲಿಗೆ ನಿಂತ. ಇನ್ಸ್‌ಪೆಕ್ಟರು ಫೋನು ಕಿವಿಗೆ ಹಚ್ಚಿ ನೆರಳಿಗೆ ಹೋದರು.

ಟೈಲರ್ ಹೊರಗಿನ ಬೆಂಚಿನ ಮೇಲೆ ಕೂತ. ಇಪ್ಪತ್ತಾರು ವರ್ಷ ಆ ಬೆಂಚನ್ನು ಒರೆಸಿದ್ದನೇ ಹೊರತು ಅದರ ಮೇಲೆ ಕೂತವನಲ್ಲ. ಅದರ ಒಂದು ಕಾಲು ಗಿಡ್ಡ. ಕೂತವರು ಸ್ವಲ್ಪ ಮುಂದಕ್ಕೆ ವಾಲಿ, ಈಗ ಬೀಳುತ್ತೇನೇನೋ ಎಂಬಂತೆ ಕೂರಬೇಕು. ಸತ್ತವರ ಮನೆಯವರು ಇಷ್ಟು ವರ್ಷ ಹೀಗೆ ಕೂತಿದ್ದರಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಬೆಂಚಿನ ಇನ್ನೊಂದು ತುದಿಯಲ್ಲಿ ಪೇಂಟರನ ಹೆಂಡತಿ ಕೂತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಇವನ ಮಾಮೂಲಿ ಶರ್ಟು ನೋಡಿ ತನ್ನ ಹಾಗೇ ಬಂದವನೆಂದುಕೊಂಡಳು.

"ನಿಮ್ಮೋರು ಯಾರು ಹೋದ್ರು?"

"ಯಾರೂ ಇಲ್ಲಮ್ಮಾ. ನಾನಿಲ್ಲೇ ಕೆಲಸ ಮಾಡೋನು."

"ಹಾಗಾದ್ರೆ ಒಳಗಿರೋರಿಗೆ ಹೇಳಿ, ತುಂಬ ಕೊಯ್ಬೇಡಿ ಅಂತ. ಹೊಟ್ಟೆ ಒಂದು ನೋಡಿದ್ರೆ ಸಾಕಲ್ವಾ? ವಿಷ ಹಾಕಿದ್ದು ಹೊಟ್ಟೆಗೆ ತಾನೆ. ಆ ಮೆಸ್ಸಿನ ರಾಕ್ಷಸಿ ಹಾಳಾಗಿ ಹೋಗ್ಲಿ!"

ತಾನು ಯಾರೆಂದು ಟೈಲರ್ ಹೇಳಲಿಲ್ಲ. ಒಳಗಿನಿಂದ ಸದ್ದು ಶುರುವಾಗಿತ್ತು. ಬಾಗಿಲು ಮುಚ್ಚಿದ್ದರೇನು, ಅವನಿಗೆ ಕಿವಿಯೇ ಕಣ್ಣಾಯಿತು. ನಲ್ಲಿ ಬಿಟ್ಟರು. ತಟ್ಟೆ ಎಳೆದರು, ಬೀಳಿಸಿದರು, ಯಾರಿಗೋ ಬೈದರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಪಕ್ಕೆಲುಬು. ಟೈಲರ್ ಕೊಯ್ದರೆ ಕಟಕಟನೆ ಎರಡು ನಿಮಿಷ. ಡಾಕ್ಟರದು ಕಟ್ ಎಂದು ಒಂದು, ಒಂದು ನಿಟ್ಟುಸಿರು, ಮತ್ತೆ ಕಟ್ ಎಂದು ಇನ್ನೊಂದು. ಟೈಲರನ ಬೆರಳುಗಳು ಮೊಣಕಾಲ ಮೇಲೆ ತಾವಾಗಿಯೇ ಆಡುತ್ತಿದ್ದವು.

ಆಕೆ ಯಾರಿಗೆಂದಿಲ್ಲದೆ ಮಾತಾಡುತ್ತಲೇ ಇದ್ದಳು. ಮೌನ ಹೆದರಿಸುತ್ತದೆ ನೋಡಿ. "ಮೂರು ವರ್ಷದ ಹಿಂದೆ ಅಪ್ಪನ್ನೂ ಇಲ್ಲಿಗೇ ತಂದಿದ್ರು. ಇದೇ ಬೆಂಚು. ಗೋದಾಮಿನ ವಾಚ್‌ಮನ್ ಆಗಿದ್ರು. ಮೆಟ್ಟಿಲ ಕೆಳಗೆ ಬಿದ್ದಿದ್ರು. ಎದೆ ನಿಂತು ಹೋಯ್ತು ಅಂತ ಬರ್ಕೊಟ್ರು. ಅವತ್ತು ಬೆಳಿಗ್ಗೆ ನಮ್ಮಣ್ಣ ಅವರ ಜೊತೆ ಜಗಳ ಆಡಿದ್ದ. ನೀನೇ ಅಪ್ಪನ ಎದೆ ಒಡೆದೆ ಅಂತ ಅಮ್ಮ ಇವತ್ತಿಗೂ ಅವನನ್ನ ಮನೆಯೊಳಗೆ ಸೇರಿಸಿಲ್ಲ."

ಟೈಲರ್ ಮುಖ ಬೇರೆ ಕಡೆ ತಿರುಗಿಸಿ ಕೂತ.

"ಈಗ ಇವರು. ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿ ನಗ್ತಿದ್ರು. ಖಾಲಿ ಮನೇಲಿ ಒಬ್ರೇ ಕೆಲಸ. ಏಣಿ ಜಾರಿ ದೊಪ್ಪನೆ ಬಿದ್ದೆ ಕಣೇ, ಎರಡು ನಿಮಿಷ ಎಲ್ಲಿದೀನಿ ಅಂತಾನೇ ಗೊತ್ತಾಗ್ಲಿಲ್ಲ, ಈಗ ಏನೂ ಇಲ್ಲ, ಮತ್ತೆ ಹತ್ತಿದೀನಿ ಅಂದ್ರು. ಏಣಿಯಿಂದ ಬಿದ್ದೋರು ಬದುಕಿ, ಉಣ್ಣೋಕೆ ಹೋದೋರು ಸತ್ರಲ್ಲಾ!"

ಟೈಲರ್ ಒಂದೊಂದನ್ನೇ ಮನಸ್ಸಿನಲ್ಲಿ ಕೂಡಿಸಿದ. ಬಿದ್ದ, ಎರಡು ನಿಮಿಷ ಮೈಮೇಲೆ ಎಚ್ಚರವಿರಲಿಲ್ಲ, ಎದ್ದ, ಸರಿಯಾದ, ಎರಡು ಮೂರು ಗಂಟೆಯ ಮೇಲೆ ತಲೆಸಿಡಿತ, ವಾಂತಿ, ಸಾವು. ಹೊಟ್ಟೆಯಲ್ಲಿ ಏನೂ ಇಲ್ಲ. ಇರುವುದೆಲ್ಲ ತಲೆಯೊಳಗೆ, ಬುರುಡೆಗೂ ಮಿದುಳಿಗೂ ನಡುವೆ. ಇಂಥದ್ದನ್ನು ಅವನು ನಾಲ್ಕು ಸಲ ತನ್ನ ಕೈಯಾರೆ ತೆಗೆದಿದ್ದ. ತಂಗಿ ಬದುಕಿದಳು! ಗರಗಸದ ಸದ್ದು ಕೇಳಿದರೆ ಸಾಕು, ಬದುಕಿದಳು.

ಒಳಗೆ ಗಾಜು ತಾಗಿತು. ಒಂದನೇ ಜಾಡಿ: ಜಠರ. ಎರಡನೇ ಜಾಡಿ: ಯಕೃತ್ತಿನ ತುಂಡು, ಮೂತ್ರಪಿಂಡ. ಮೂರನೆಯದು ರಕ್ತ. ಮುಚ್ಚಳ ತಿರುಗಿಸಿದರು. ಈಗ ಗರಗಸ, ಈಗ, ಎಂದು ಟೈಲರ್ ಕಿವಿ ನಿಮಿರಿಸಿ ಕೂತ. ಕೇಳಿಸಿದ್ದು ನಲ್ಲಿ. ನೀರು ಜೋರಾಗಿ ಬಹಳ ಹೊತ್ತು ಹರಿಯಿತು. ಡಾಕ್ಟರು ಕೈ ತೊಳೆದುಕೊಳ್ಳುತ್ತಿದ್ದರು. ತಲೆ ಬೇಡ ಬಿಡು.

ಅವನು ಎದ್ದ. ಪೇದೆ ಲಾಠಿ ಅಡ್ಡ ಹಿಡಿದು, "ಕೂತ್ಕೊ ಟೈಲರ್, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ" ಎಂದ. ನಿಜವೇ. ತಾನು ಕೂಗಿ ಹೇಳಿ, ಡಾಕ್ಟರು ತೆರೆದು, ಅಲ್ಲಿ ರಕ್ತ ಸಿಕ್ಕಿದರೂ, ಅಣ್ಣ ಹೇಳಿಕೊಟ್ಟ ಎಂದು ಇನ್ಸ್‌ಪೆಕ್ಟರು ಅದನ್ನು ಗಾಳಿಗೆ ತೂರುತ್ತಾರೆ. ಕೇಳುವ ಹಕ್ಕಿರುವುದು ಒಬ್ಬಳಿಗೆ ಮಾತ್ರ, ಈಗಷ್ಟೇ ಅವನ ತಂಗಿ ಹಾಳಾಗಲಿ ಎಂದವಳಿಗೆ.

"ಅಮ್ಮಾ," ಎಂದ ಟೈಲರ್, "ಅವರು ತಲೆ ತೆಗೆದು ನೋಡಿಲ್ಲ. ಬಾಗಿಲಿಗೆ ಹೋಗಿ, ತಲೆ ನೋಡಿದ್ರಾ ಅಂತ ಕೇಳಿ. ಏಣಿಯಿಂದ ಬಿದ್ದಿದ್ದನ್ನ ಹೇಳಿ."

"ತಲೇನೂ ಕೊಯ್ಬೇಕಾ? ಅಯ್ಯೋ! ಆ ಮುಖಾನಾದ್ರೂ ಬಿಡಿ. ಮಕ್ಕಳು ನೋಡ್ಬೇಕು."

"ಮುಖಕ್ಕೆ ಏನೂ ಆಗಲ್ಲ. ಈ ಕಿವಿಯಿಂದ ಆ ಕಿವಿಗೆ, ಹಿಂದುಗಡೆ, ಕೂದಲೊಳಗೆ ಕೊಯ್ಯೋದು. ಚರ್ಮ ಸರಿಸಿ ಬುರುಡೇನ ಮುಚ್ಚಳದ ಹಾಗೆ ತೆಗೆದು, ನೋಡಿ, ಹಾಗೇ ಕೂರಿಸಿ ಹೊಲೀತೀವಿ. ತಲೆ ಬಾಚಿದ್ರೆ ಹೊಲಿಗೆ ಕಾಣ್ಸಲ್ಲ. ನನ್ನ ಹೊಲಿಗೆ ಇವತ್ತಿನವರೆಗೆ ಯಾರಿಗೂ ಕಂಡಿಲ್ಲ."

"ನೋಡಿ ಏನು ಬರುತ್ತೆ? ಹೋದೋರು ಎದ್ದು ಬರ್ತಾರಾ?"

"ಬರಲ್ಲಮ್ಮಾ. ಅವರಿಗೋಸ್ಕರ ಕೊಯ್ಯೋದಲ್ಲ ಇದು. ಉಳಿದೋರಿಗೋಸ್ಕರ. ನಾಳೆ ನಿಮ್ಮ ಮಕ್ಕಳು ಅಪ್ಪ ಹೇಗೆ ಸತ್ತ ಅಂತ ಕೇಳಿದ್ರೆ ನೀವು ನಿಜ ಹೇಳ್ಬೇಕಲ್ಲ. ನೋಡದೇ ಬರೆದ್ರೆ, ಆ ಸುಳ್ಳನ್ನ ನೀವು ಸಾಯೋವರೆಗೂ ಹೊರ್ಬೇಕು."

ಆಕೆ ಅವನನ್ನೇ ದಿಟ್ಟಿಸಿದಳು. "ನಿಮಗೆ ಯಾಕೆ ಇಷ್ಟು ಕಾಳಜಿ?"

ಇಲ್ಲಿ ಟೈಲರ್ ಒಂದು ಸುಳ್ಳು ಹೇಳಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಸುಳ್ಳನ್ನು ಹೊರುವ ಭಾರದ ಬಗ್ಗೆ ಈಗಷ್ಟೇ ಭಾಷಣ ಮಾಡಿದ್ದ, ಏನು ಮಾಡುವುದು! "ಆ ಮೆಸ್ಸಿನವಳು ನನ್ನ ತಂಗಿ" ಎಂದ.

ಆಕೆ ಹಾವು ಕಂಡವಳಂತೆ ಎದ್ದು ನಿಂತಳು. ಕೈ ಎತ್ತಿದಳು, ಹೊಡೆಯುತ್ತಾಳೆಂದು ಪೇದೆಯೂ ಮುಂದೆ ಬಂದ. ಟೈಲರ್ ಅಲುಗಲಿಲ್ಲ. "ಹೊಡೀರಿ. ಆಮೇಲೆ ಹೋಗಿ ಕೇಳಿ. ತಲೇಲಿ ಏನೂ ಇಲ್ಲದಿದ್ರೆ, ಅವಳಿಗೆ ಏನು ಶಿಕ್ಷೆ ಆದ್ರೂ ನಾನು ಒಂದು ಮಾತೂ ಆಡಲ್ಲ. ನನ್ನ ತಂಗಿ ಆಣೆಗೂ ಆಡಲ್ಲ."

ಎತ್ತಿದ ಕೈ ಹಾಗೇ ಇಳಿಯಿತು. ಆಕೆ ಸೆರಗು ಬಿಗಿದುಕೊಂಡಳು, ಪೇದೆಯನ್ನು ಪಕ್ಕಕ್ಕೆ ತಳ್ಳಿದಳು, ಬಾಗಿಲನ್ನು ಅಂಗೈಯಿಂದ ಬಡಿದಳು. ಬಾಗಿಲು ತೆರೆದ ಡಾಕ್ಟರ ಮುಖ ಬೆವರಿ, ಬಾಡಿದ ಬದನೆಯಾಗಿತ್ತು.

"ತಲೆ ನೋಡಿದ್ರಾ ಡಾಕ್ಟ್ರೇ?"

"ನೋಡಿದೆ ಅಮ್ಮಾ. ಎಲ್ಲಾ ಸಹಜ."

"ಎಲ್ಲಿ ನೋಡಿದ್ರಿ? ಕೊಯ್ದಿದ್ದೀರಾ? ತೋರ್ಸಿ."

ಡಾಕ್ಟರು ಕೈಯಲ್ಲಿದ್ದ ನಮೂನೆಯನ್ನು ಎದೆಗೆ ಅವಚಿಕೊಂಡರು. "ಅದು... ಈ ಥರದ ಕೇಸಲ್ಲಿ ತಲೆ ಅಗತ್ಯ ಇರಲ್ಲ."

"ಏಣಿಯಿಂದ ಬಿದ್ದು ಎರಡು ನಿಮಿಷ ಮೈಮೇಲೆ ಜ್ಞಾನ ಇರ್ಲಿಲ್ಲ ಅವರಿಗೆ! ಅಗತ್ಯ ಇಲ್ವಂತೆ! ನಿಮ್ಮನೆಯವರಾಗಿದ್ರೆ ಹೀಗೆ ಬಿಡ್ತಿದ್ರಾ?" ಅವಳ ಧ್ವನಿ ಒಗೆಯುವ ಕೋಣೆಯವರೆಗೂ ಹೋಗಿ ಅಲ್ಲಿಯ ಹೆಂಗಸರು ಹೊರಗೆ ಬಂದರು. ಇನ್ಸ್‌ಪೆಕ್ಟರೂ ಫೋನು ಕೆಳಗಿಳಿಸಿ ಬಂದರು. "ಏಣಿಯ ವಿಷಯ ನಂಗೆ ಯಾರೂ ಹೇಳ್ಲಿಲ್ಲವಲ್ಲ" ಎಂದರು. "ನೀವು ಕೇಳಿದ್ದು ಒಂದೇ, ಮೆಸ್ಸಲ್ಲಿ ಏನು ಉಂಡ್ರು ಅಂತ" ಎಂದಳು ಆಕೆ. ಅಷ್ಟು ಜನರ ಮುಂದೆ ಇನ್ಸ್‌ಪೆಕ್ಟರಿಗೆ ಬೇರೆ ದಾರಿಯಿರಲಿಲ್ಲ. "ತೆಗೀರಿ ಸಾರ್" ಎಂದರು.

ಡಾಕ್ಟರು ಒಳಗೆ ಹೋದವರು ಮತ್ತೆ ಇಣುಕಿದರು. "ಗರಗಸ ಎಲ್ಲಿದೆಯಯ್ಯಾ?"

"ಮಾತಾಡೋ ಹಾಗಿಲ್ಲ" ಎಂದ ಪೇದೆ.

ಟೈಲರ್ ಪೇದೆಗೇ ಹೇಳಿದ: "ಎಡಗಡೆ ಬೀರು, ಎರಡನೇ ಖಾನೆ, ಹಳೇ ಪೇಪರ್ ಕೆಳಗೆ." ಪೇದೆ ಇನ್ಸ್‌ಪೆಕ್ಟರ ಮುಖ ನೋಡಿದ, ಇನ್ಸ್‌ಪೆಕ್ಟರು ಆಕಾಶ ನೋಡಿದರು, ಪೇದೆ ಒಳಗೆ ಕೂಗಿ ಹೇಳಿದ. ಖಾನೆ ಎಳೆದ ಸದ್ದಾಯಿತು. ಆಮೇಲೆ, ಕೊನೆಗೂ, ಗರಗಸ. ಹಲ್ಲು ಜುಮ್ಮೆನ್ನುವ ಆ ಕೆಟ್ಟ ಸದ್ದು ಕೇಳಿ ಟೈಲರನ ಕಣ್ಣಲ್ಲಿ ನೀರು ಬಂತು. ಡಾಕ್ಟರು ಅಡ್ಡಾದಿಡ್ಡಿ ಕೊಯ್ಯುತ್ತಿದ್ದರು. ನಿಲ್ಲಿಸಿ ಏದುಸಿರು ಬಿಡುವರು, ಮತ್ತೆ ಎಳೆಯುವರು. ಒಂದೂಕಾಲು ಗಂಟೆ ಹಿಡಿಯಿತು. ಆಕೆ ಅಷ್ಟು ಹೊತ್ತೂ ಬಾಗಿಲಿಗೆ ಹಣೆ ಆನಿಸಿ ನಿಂತಿದ್ದಳು. ಬೆಂಚಿಗೆ ಬರಲಿಲ್ಲ.

ಬಲಗಿವಿಯ ಮೇಲೆ, ಬುರುಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಒಳಗೆ ಅಂಗೈಯಗಲ ಹೆಪ್ಪುಗಟ್ಟಿದ ರಕ್ತ. ಮಿದುಳನ್ನು ಅದು ಒಂದು ಕಡೆಗೆ ಒತ್ತಿಬಿಟ್ಟಿತ್ತು. ತೂಗಿದಾಗ ನೂರ ಇಪ್ಪತ್ತು ಗ್ರಾಂ. ಆ ಶವಾಗಾರದಿಂದ ಹನ್ನೊಂದು ವರ್ಷದಲ್ಲಿ ಹೊರಟ ಮೊದಲ ನಿಜವಾದ ತೂಕ ಅದು. ಡಾಕ್ಟರು ಹೊರಬಂದಾಗ ಅವರ ಮುಖದಲ್ಲಿ ಬೇರೆಯೇ ಕಳೆ ಇತ್ತು. "ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು" ಎಂದರು. 'ಸಹಜ' ಎಂದು ಬರೆದಿದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಇನ್ಸ್‌ಪೆಕ್ಟರಿಗೆ ಸಾವಿನ ಕಾರಣ ವಿವರಿಸಿದರು. ವಿವರಣೆ ಚೆನ್ನಾಗಿಯೇ ಇತ್ತು. ಓದಿದ್ದು ಎಲ್ಲಿಗೆ ಹೋಗುತ್ತದೆ?

ಮಧ್ಯಾಹ್ನದೊಳಗೆ ತಂಗಿಯನ್ನು ಬಿಟ್ಟರು. ಬಾಯಿ ಹಿಡಿತದಲ್ಲಿರಲಿ ಎಂದು ಇನ್ಸ್‌ಪೆಕ್ಟರು ಬುದ್ಧಿ ಹೇಳಿದ್ದಕ್ಕೆ ಅವಳು ಅಲ್ಲಿಯೇ ಕೊಟ್ಟ ಉತ್ತರವನ್ನು ಬರೆಯುವಂತಿಲ್ಲ.

ಕಾಗದಕ್ಕೆ ಸಹಿ ಬಿದ್ದಿದ್ದರಿಂದ ಹೊಲಿಯಲು ಟೈಲರನಿಗೆ ಅಪ್ಪಣೆ ಸಿಕ್ಕಿತು. ಪೇಂಟರ್ ಮೇಜಿನ ಮೇಲಿದ್ದ. ಇಲಿ ಕಡಿದ ಹಾಗೆ ಕೊಯ್ದಿದ್ದರು. ಉಗುರುಗಳಲ್ಲಿ ಇನ್ನೂ ಹಸಿರು ಬಣ್ಣವಿತ್ತು. ಅವನು ಅವಸರ ಮಾಡಲಿಲ್ಲ. ಬುರುಡೆಯ ಅಂಚುಗಳನ್ನು ಕೂಡಿಸಿ, ಚರ್ಮ ಎಳೆದು, ಹತ್ತಿರ ಹತ್ತಿರ ಸಣ್ಣ ಹೊಲಿಗೆ ಹಾಕಿದ. ಕೂದಲು ತೊಳೆದು ಬಾಚಿದ. ಬಾಚುತ್ತಿರುವಾಗ ಕೈ ನಿಂತಿತು. ಮೂರು ವರ್ಷದ ಹಿಂದೆ ಹೀಗೆಯೇ ಒಂದು ಬಿಳಿ ತಲೆ ಬಾಚಿದ್ದು ನೆನಪಾಯಿತು. ಗೋದಾಮಿನ ವಾಚ್‌ಮನ್. ಕಿವಿಯ ಹಿಂದೆ ರಕ್ತ ಒಣಗಿ ಅಂಟಿತ್ತು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದ. ಒರೆಸಿ, ಹೂಂ ಸಾರ್ ಎಂದಿದ್ದ.

ಹೊರಗೆ ಗಾಡಿ ಬಂದಿತ್ತು. ಆಕೆ ಮುಖದ ಬಟ್ಟೆ ಸರಿಸಿ ಗಂಡನ ಹಣೆ ಮುಟ್ಟಿದಳು. ಬೆರಳನ್ನು ಕೂದಲೊಳಗೆ ಆಡಿಸಿ ಹೊಲಿಗೆ ಹುಡುಕಿದಳು, ಕಣ್ಣಿಗೆ ಕಾಣಲಿಲ್ಲ. ಆಮೇಲೆ ಟೈಲರನ ಕಡೆ ತಿರುಗಿದಳು. ಅವನು ಅಂದುಕೊಂಡಿದ್ದ ಪ್ರಶ್ನೆಯೇ ಬಂತು.

"ನಮ್ಮಪ್ಪನ ತಲೆ ತೆಗೆದಿದ್ರಾ?"

ಡಾಕ್ಟರು ಪಕ್ಕದಲ್ಲೇ ಇದ್ದರು. ಕಣ್ಣಲ್ಲೇ ಬೇಡ ಎಂದರು. ಟೈಲರ್ ನೋಡಿದ, ಆದರೂ ಹೇಳಿದ: "ಇಲ್ಲಮ್ಮಾ."

"ಯಾಕೆ?"

"ಬೇಡ ಬಿಡು ಅಂದ್ರು. ನಾನು ಹೂಂ ಅಂದೆ. ಕಿವಿ ಹಿಂದೆ ರಕ್ತ ಇತ್ತು. ನಾನೇ ಒರೆಸಿದೆ."

ಆಕೆ ಅಳಲಿಲ್ಲ, ಕೂಗಾಡಲೂ ಇಲ್ಲ. ಕೂಗಾಡಿದ್ದರೆ ಟೈಲರನಿಗೆ ಎಷ್ಟೋ ಹಗುರವಾಗುತ್ತಿತ್ತು. "ಹಾಗಾದ್ರೆ ಅಣ್ಣ..." ಎಂದು ನಿಲ್ಲಿಸಿದಳು. ಗಂಡನ ಮುಖದ ಮೇಲೆ ಬಟ್ಟೆ ಎಳೆದು ಕೇಳಿದಳು: "ಇದೇ ಮಾತನ್ನ ನಮ್ಮಮ್ಮನ ಮುಂದೆ ಬಂದು ಹೇಳ್ತೀರಾ?"

ಅಷ್ಟರಲ್ಲಿ ತಂಗಿ ಆಸ್ಪತ್ರೆಯ ಗೇಟಿನಿಂದಲೇ ಕೂಗುತ್ತಾ ಬಂದಳು. ಮೆಸ್ಸಿನ ಬೀಗ ತೆಗೆದಿದ್ದಾರೆ, ನಿನ್ನೆಯಿಂದ ನೀನು ಏನೂ ತಿಂದಿಲ್ಲ, ನಡಿ ಅಣ್ಣಾ ಎಂದಳು. ಅಷ್ಟರಲ್ಲಿ ಪೇಂಟರನ ಹೆಂಡತಿ ಕಣ್ಣಿಗೆ ಬಿದ್ದಳು. ಜನ್ಮದಲ್ಲಿ ಮೊದಲ ಸಲ ತಂಗಿಯ ಬಾಯಿ ತಾನಾಗಿ ಮುಚ್ಚಿತು.

ಟೈಲರ್ ಬೆಂಚಿನ ಪಕ್ಕದ ನಲ್ಲಿಗೆ ಹೋಗಿ ಕೈ ತೊಳೆದುಕೊಂಡ. ಇನ್ನೊಂದು ಸಲ ತೊಳೆದುಕೊಂಡ. "ನೀನು ಒಲೆ ಹಚ್ಚಿರು, ನಾನು ಆಮೇಲೆ ಬರ್ತೀನಿ" ಎಂದು ತಂಗಿಗೆ ಹೇಳಿ, ಗಾಡಿಯ ಹಿಂಬದಿಯಲ್ಲಿ ಪೇಂಟರನ ಕಾಲ ಬಳಿ ಹತ್ತಿ ಕೂತ.